ಜೀವಂತ ಪಾರ್ಸೆಲ್

2025ರ ಜೂನ್ ತಿಂಗಳ ಮೂರನೇ ವಾರದ ಒಂದು ಬೆಳಗ್ಗೆ ನಾನು ಪಾರ್ಸೆಲ್ ಆದೆ.

ಬಸವನಗುಡಿಯಿಂದ ಮೆಜೆಸ್ಟಿಕ್‌ಗೆ ಹೋಗಬೇಕಿತ್ತು. ಹಿಂದಿನ ವಾರದವರೆಗೂ ಫೋನಿನಲ್ಲಿ 'ಬೈಕ್' ಎಂಬ ಗುಂಡಿ ಇತ್ತು. ಒತ್ತಿದರೆ ಒಬ್ಬ ಹುಡುಗ ಬರುತ್ತಿದ್ದ, ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ. ಜೂನ್ 16ರಿಂದ ಆ ಗುಂಡಿ ಮಾಯ. ಅದೇ ಜಾಗದಲ್ಲಿ, ಅಂಥದೇ ಬೈಕಿನ ಚಿತ್ರದ ಕೆಳಗೆ, 'ಪಾರ್ಸೆಲ್' ಎಂದು ಬರೆದಿತ್ತು. ಒತ್ತಿದೆ. 'ಪಾರ್ಸೆಲ್‌ನಲ್ಲಿ ಏನಿದೆ?' ಎಂದು ಕೇಳಿತು. ಕಾಗದಪತ್ರ, ಊಟ, ಬಟ್ಟೆ, ಇತರೆ ಎಂದು ನಾಲ್ಕು ಆಯ್ಕೆ. ಯೋಚಿಸಿದೆ. ಜೇಬಿನಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್ ಇತ್ತು, ಹೊಟ್ಟೆಯಲ್ಲಿ ಎರಡು ಪ್ಲೇಟ್ ಉಪ್ಪಿಟ್ಟಿತ್ತು, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ ಇತ್ತು. ಯಾವುದನ್ನು ಒತ್ತಿದರೂ ಸುಳ್ಳಾಗುತ್ತಿರಲಿಲ್ಲ. ಆದರೂ ಆತ್ಮಸಾಕ್ಷಿಗೆ ಅಂಜಿ 'ಇತರೆ' ಎಂದು ಒತ್ತಿದೆ. ಸರ್ಕಾರಿ ಅರ್ಜಿಗಳಲ್ಲಿ ನನ್ನಂಥವರು ಮೊದಲಿನಿಂದಲೂ 'ಇತರೆ'ಯೇ.

ಐದು ನಿಮಿಷಕ್ಕೆ ಹುಡುಗ ಬಂದ. ಮಾತಿನಲ್ಲೇ ರಾಯಚೂರು ಕಡೆಯವನೆಂದು ಗೊತ್ತಾಗುತ್ತಿತ್ತು.

"ಪಾರ್ಸಲ್ ಎಲ್ಲೈತ್ರಿ ಸರ?"

"ನಾನೇ ಕಣಪ್ಪ."

ಅವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಬೆಳಗ್ಗೆಯಿಂದ ನಾಲ್ಕನೆಯ ಜೀವಂತ ಪಾರ್ಸೆಲ್ ನಾನಂತೆ. "ಹತ್ರಿ ಸರ. ಪೊಲೀಸ್ರು ಕೇಳಿದ್ರ ನಾ ನಿಮ್ಮ ತಮ್ಮ ಅಂತ ಹೇಳ್ರಿ" ಎಂದ. ಸರಕಾಗಿ ಹತ್ತಿದವನು ಕೂತ ತಕ್ಷಣ ಅಣ್ಣನಾದೆ. ಇಷ್ಟು ಬೇಗ ಸಂಬಂಧ ಬೆಸೆಯುವ ಕಾನೂನು ಮದುವೆ ಕಾಯ್ದೆಯಲ್ಲೂ ಇರಲಾರದು.

ಇದರ ಹಿಂದಿನ ಕಥೆ ಹೀಗಿದೆ. 2021ರ ಜುಲೈನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಬೈಕ್ ಟ್ಯಾಕ್ಸಿ ಯೋಜನೆ ತಂದಿತು. 2024ರ ಮಾರ್ಚ್‌ನಲ್ಲಿ ಅದನ್ನು ವಾಪಸ್ ಪಡೆಯಿತು. ಇತ್ತ ಬಿಳಿ ಬೋರ್ಡಿನ ಪೆಟ್ರೋಲ್ ಬೈಕುಗಳು ಯಾವ ಯೋಜನೆಗೂ ಕಾಯದೆ ಜನರನ್ನು ಹೊತ್ತು ಓಡಾಡಿಕೊಂಡಿದ್ದವು. 2025ರ ಏಪ್ರಿಲ್ 2ರಂದು ಹೈಕೋರ್ಟ್, ಮೋಟಾರು ವಾಹನ ಕಾಯ್ದೆಯ 93ನೇ ಸೆಕ್ಷನ್ ಪ್ರಕಾರ ಸರ್ಕಾರ ನಿಯಮ ರಚಿಸುವವರೆಗೆ ಬೈಕ್ ಟ್ಯಾಕ್ಸಿ ಓಡಿಸುವಂತಿಲ್ಲ ಎಂದಿತು. ಕೊಟ್ಟ ಗಡುವು, ಮುಂದೂಡಿದ ಗಡುವು ಎಲ್ಲ ಮುಗಿದು ಜೂನ್ 16ಕ್ಕೆ ಸೇವೆ ನಿಂತಿತು. ವಿಷಯ ಮೇಲ್ಮನವಿಗೆ ಹೋಯಿತು. ಆ ವಾದ ವಕೀಲರಿಗಿರಲಿ. ನನಗೆ ಕುತೂಹಲ ಇದ್ದದ್ದು ಒಂದೇ ಪ್ರಶ್ನೆಯಲ್ಲಿ: ಬೈಕು ಟ್ಯಾಕ್ಸಿಯೋ ಅಲ್ಲವೋ ಎಂದು ಹೇಳಲು ನಮಗೆ ಇಷ್ಟು ವರ್ಷ ಏಕೆ ಬೇಕಾಯಿತು?

ಕಾಯ್ದೆ ಪುಸ್ತಕ ತೆರೆದರೆ ಕಾರಣ ಗೊತ್ತಾಗುತ್ತದೆ. 'ಮೋಟಾರ್ ಕ್ಯಾಬ್' ಎಂದರೆ ಬಾಡಿಗೆಗೆ, ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚಿಲ್ಲದಷ್ಟು ಪ್ರಯಾಣಿಕರನ್ನು ಒಯ್ಯುವಂತೆ ಕಟ್ಟಿದ ಅಥವಾ ಮಾರ್ಪಡಿಸಿದ ಮೋಟಾರು ವಾಹನ. ಆರಕ್ಕಿಂತ ಹೆಚ್ಚಿಲ್ಲ, ಅಷ್ಟೇ. ಕಡಿಮೆ ಎಂದರೆ ಎಷ್ಟು ಎಂದು ಅಲ್ಲಿ ಹೇಳಿಲ್ಲ, ಚಕ್ರ ನಾಲ್ಕಿರಬೇಕು ಎಂದೂ ಹೇಳಿಲ್ಲ. ಒಂದು ಎಂಬುದು ಆರಕ್ಕಿಂತ ಹೆಚ್ಚಿಲ್ಲ ಎಂದು ಮೂರನೇ ಕ್ಲಾಸಿನ ಮಗುವೂ ಹೇಳುತ್ತದೆ. ಬೈಕಿನವರು ಆ ಮಗುವಿನ ಕೈ ಹಿಡಿದುಕೊಂಡು ಕೋರ್ಟಿಗೆ ಹೋದರು. ಬರೆದವರ ಕಣ್ಣ ಮುಂದೆ ಅಂಬಾಸಿಡರ್ ಕಾರು ಇದ್ದಿರಬೇಕು. ಆದರೆ ಅಂಬಾಸಿಡರ್ ಎಂದು ಬರೆಯಲಿಲ್ಲ.

ಇನ್ನು 'ಸರಕು' ಎಂದರೇನು? ಅದಕ್ಕೂ ವ್ಯಾಖ್ಯೆ ಇದೆ. ಜಾನುವಾರು ಸರಕು. ವಾಹನದಲ್ಲಿ ಸಾಗಿಸುವ ಇನ್ನು ಯಾವುದೇ ವಸ್ತುವೂ ಸರಕು, ಜೀವಂತ ವ್ಯಕ್ತಿಗಳನ್ನು ಬಿಟ್ಟು. ಅಂದರೆ ಮೇಕೆ ಪಾರ್ಸೆಲ್ ಆಗಬಹುದು, ನಾನು ಆಗುವಂತಿಲ್ಲ. ಸಂಜೆಯಾದರೆ ಬಿಳಿ ಬೋರ್ಡಿನ ಬೈಕುಗಳಲ್ಲಿ ಗಾಂಧಿ ಬಜಾರಿನ ಮಸಾಲೆ ದೋಸೆಗಳು ಸಾಲುಸಾಲಾಗಿ ಪ್ರಯಾಣ ಮಾಡುತ್ತವೆ, ಯಾರೂ ತಡೆಯುವುದಿಲ್ಲ. ಅದೇ ಬೈಕಿನಲ್ಲಿ ಆ ದೋಸೆ ತಿನ್ನುವವನು ಬಾಡಿಗೆ ಕೊಟ್ಟು ಹೋದರೆ ಆಗ ಅಪರಾಧವಾಗಿತ್ತು. ತಿಂದ ಮೇಲೆ, ದೋಸೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋದರೆ ಅದು ಸರಕು ಸಾಗಣೆಯೋ ಪ್ರಯಾಣಿಕ ಸಾಗಣೆಯೋ ಎಂಬ ಪ್ರಶ್ನೆ ಇನ್ನೂ ಯಾವ ನ್ಯಾಯಪೀಠದ ಮುಂದೆಯೂ ಬಂದಂತಿಲ್ಲ.

ನಮ್ಮಲ್ಲೊಂದು ಗಾದೆ ಇದೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ. ಕಾನೂನು ಮತ್ತು ಚಾಲಕನ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ತೀರ್ಪನ್ನು ನಾನು ಓದಿಲ್ಲ. ಕಾನೂನು ಬರೆಯುವವರು ಚಾಪೆ ಹಾಸುತ್ತಾರೆ, ಯಾರೂ ತೂರಬಾರದೆಂದು ನಾಲ್ಕು ಮೂಲೆಗೆ ಕಲ್ಲಿಡುತ್ತಾರೆ. ಅಷ್ಟರಲ್ಲಿ ಜನ ಪಕ್ಕದ ರಂಗೋಲಿಯ ಕೆಳಗಿಂದ ಹೊರಗೆ ಬಂದು ಕಾಫಿ ಕುಡಿಯುತ್ತಿರುತ್ತಾರೆ.

ನಮ್ಮ ಮಾವನವರ ಪ್ರಸಂಗವನ್ನೇ ನೋಡಿ. ಅರಕಲಗೂಡು ಕಡೆಯವರು, ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು. ಮೊಮ್ಮಗಳ ನಾಮಕರಣಕ್ಕೆ ಕಾರು ಓಡಿಸಿಕೊಂಡು ಒಂದು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದರು. ಪೇಟೆ ಬೀದಿಯಲ್ಲಿ 'ಸಮ ದಿನಗಳಲ್ಲಿ ವಾಹನ ನಿಲುಗಡೆ' ಎಂಬ ಬೋರ್ಡು. ಎದುರು ಬದಿಯಲ್ಲಿ 'ಬೆಸ ದಿನಗಳಲ್ಲಿ ವಾಹನ ನಿಲುಗಡೆ.' ಇಂಥ ಬೋರ್ಡು ಇಲ್ಲದ ಊರು ನಮ್ಮ ರಾಜ್ಯದಲ್ಲಿ ಕಡಿಮೆ. ಮಾವ ಬೋರ್ಡನ್ನು ಎರಡು ಸಲ ಓದಿ, ಸಮದ ಬದಿಯಲ್ಲಿ ಕಾರು ನಿಲ್ಲಿಸಿ, ಬೆಳ್ಳಿ ಬಟ್ಟಲು ಕೊಳ್ಳಲು ಹೋದರು. ಬಂದಾಗ ಚಕ್ರಕ್ಕೆ ಬೀಗ. ಪಕ್ಕದಲ್ಲಿ ಕಾನ್‌ಸ್ಟೇಬಲ್.

"ಇವತ್ತು ಹದಿಮೂರು ಸಾರ್. ಬೆಸ. ಆ ಕಡೆ ನಿಲ್ಲಿಸಬೇಕಿತ್ತು."

"ಬೋರ್ಡಿನಲ್ಲಿ ತಾರೀಕು ಅಂತ ಎಲ್ಲಿದೆಯಪ್ಪಾ? ದಿನ ಅಂತಿದೆ. ಇವತ್ತು ಸೋಮವಾರ. ಭಾನುವಾರ ಒಂದು, ಸೋಮವಾರ ಎರಡು. ಎರಡು ಸಮವೋ ಬೆಸವೋ ನೀನೇ ಹೇಳು."

"ಸೋಮವಾರದಿಂದ ಎಣಿಸಿದರೆ ಒಂದಾಗತ್ತಲ್ಲ ಸಾರ್?"

ಇಲ್ಲಿ ಕಾನ್‌ಸ್ಟೇಬಲ್ ತಪ್ಪು ಮಾಡಿದ. ಗಣಿತದ ಮೇಷ್ಟರೊಂದಿಗೆ ಎಣಿಕೆ ಶುರು ಮಾಡಬಾರದಿತ್ತು.

"ಹಾಗಾದರೆ ಎಲ್ಲಿಂದ ಎಣಿಸಬೇಕು ಅಂತ ಬೋರ್ಡಿನಲ್ಲಿ ಬರೆಸಿ. ಅದೂ ಬೇಡ, ಪಂಚಾಂಗ ತೆಗಿ. ಇವತ್ತು ದ್ವಾದಶಿ. ಹನ್ನೆರಡು. ಅದೂ ಸಮವೇ!"

ಕಾನ್‌ಸ್ಟೇಬಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ರಸೀದಿ ಹರಿಯುತ್ತಾ ಹೇಳಿದನಂತೆ: "ಲೆಕ್ಕ ನಿಮ್ಮದೇ ಸರಿ ಸಾರ್. ದಂಡ ನನ್ನದು ಸರಿ."

ಮಾವ ದಂಡ ಕಟ್ಟಿದರು. ಆದರೆ ಗಣಿತ ಬಿಡಲಿಲ್ಲ. ನಾಮಕರಣದ ಮನೆಯಲ್ಲಿ ಕೂತು, ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ವರ್ಷದಲ್ಲಿ 31 ದಿನಗಳ ತಿಂಗಳು ಏಳು. ಪ್ರತಿ ಸಲವೂ 31ರ ಮರುದಿನ 1. ಎರಡೂ ಬೆಸ. ಆದ್ದರಿಂದ ಸಾಮಾನ್ಯ ವರ್ಷದಲ್ಲಿ ಬೆಸ ತಾರೀಕು 186, ಸಮ ತಾರೀಕು 179. ಬೆಸದ ಬದಿಯ ಅಂಗಡಿಯವನ ಬಾಗಿಲಿಗೆ ಏಳು ದಿನ ಹೆಚ್ಚಿಗೆ ಕಾರು ಅಡ್ಡ ನಿಲ್ಲುತ್ತದೆ. ಇದಕ್ಕೆ ಪರಿಹಾರ ಯಾರು ಕೊಡುತ್ತಾರೆ? ಮತ್ತೆ, ಸಮ ದಿನ ಮುಗಿದು ಬೆಸ ದಿನ ಶುರುವಾಗುವುದು ಯಾವಾಗ? ಇಂಗ್ಲಿಷ್ ಲೆಕ್ಕದಲ್ಲಿ ರಾತ್ರಿ ಹನ್ನೆರಡಕ್ಕೆ. ನಮ್ಮ ಹಳೆಯ ಲೆಕ್ಕದಲ್ಲಿ ಸೂರ್ಯೋದಯಕ್ಕೆ. ಬೋರ್ಡನ್ನು ಅಕ್ಷರಶಃ ಪಾಲಿಸುವುದಾದರೆ ನಡುರಾತ್ರಿ ಇಡೀ ಬೀದಿಯ ಗಂಡಸರು ಲುಂಗಿ, ಬನಿಯನ್‌ನಲ್ಲಿ ಎದ್ದು ಬಂದು, ಕಾರನ್ನು ಆ ಬದಿಯಿಂದ ಈ ಬದಿಗೆ ತಂದು, ಮತ್ತೆ ಮಲಗಬೇಕು. ನಗರಸಭೆಯವರು ಬೇಕೆಂದೇ ಹೀಗೆ ಮಾಡಿರಲಿಕ್ಕಿಲ್ಲ. 'ದಿನ' ಬರೆದ ಕಡೆ 'ತಾರೀಕು' ಎಂದು ಬರೆದು, ಪಕ್ಕದಲ್ಲಿ ಹೊತ್ತು ಹಾಕಿದ್ದರೆ ಮುಗಿಯುತ್ತಿತ್ತು. ಬಣ್ಣದ ಖರ್ಚು ಹೆಚ್ಚಾಗುತ್ತಿತ್ತೇನೋ.

ಇದು ಹಗುರವಾದ ಉದಾಹರಣೆ. ಇನ್ನೊಂದಿದೆ, ಅದು ಕುಡಿಯುವವರದ್ದು.

2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು ಎಂದಿತು. ಉದ್ದೇಶದ ಬಗ್ಗೆ ಎರಡು ಮಾತಿಲ್ಲ. ಕುಡಿದು ಸ್ಟೇರಿಂಗ್ ಹಿಡಿದವನಿಂದ ರಸ್ತೆಯಲ್ಲಿ ಸತ್ತವರ ಮನೆಗಳನ್ನು ನೋಡಿದ ಯಾರೂ ಅದನ್ನು ಆಡಿಕೊಳ್ಳಲಾರರು. ಆದರೆ ಆದೇಶ ಕೆಳಗಿಳಿದು ಅಬಕಾರಿ ಇನ್‌ಸ್ಪೆಕ್ಟರನ ಕೈಯಲ್ಲಿ ಟೇಪಾಗಿ ಬಂದಾಗ ಪ್ರಶ್ನೆ ಹುಟ್ಟಿತು: 500 ಮೀಟರ್ ಅಂದರೆ ಕಾಗೆ ಹಾರಿದಷ್ಟೋ, ಕುಡುಕ ನಡೆದಷ್ಟೋ?

ಕೇರಳದ ಉತ್ತರ ಪರವೂರಿನ ಒಂದು ಬಾರಿನವರು ಎರಡನೆಯ ಅರ್ಥವನ್ನು ಎತ್ತಿಕೊಂಡರು. ಬಾರನ್ನು ಇದ್ದಲ್ಲೇ ಬಿಟ್ಟರು. ಅದರ ಮುಂದಿನ ಖಾಲಿ ಜಾಗದಲ್ಲಿ ಗೋಡೆಗಳನ್ನು ಎಬ್ಬಿಸಿ, ಅತ್ತ ಹೋಗಿ ಇತ್ತ ತಿರುಗಿ ಮತ್ತೆ ಅತ್ತಲೇ ಹೋಗುವ ಒಂದು ಓಣಿ ಕಟ್ಟಿದರು. ಹೆದ್ದಾರಿಗೂ ಬಾರಿಗೂ ಇದ್ದ ಅಂತರ ಒಂದು ಅಂಗುಲವೂ ಬದಲಾಗಲಿಲ್ಲ, ಆದರೆ ನಡೆಯುವ ದಾರಿ ಮಾತ್ರ 500 ಮೀಟರ್ ದಾಟಿತು. ಪತ್ರಿಕೆಗಳಲ್ಲಿ ಆ ಚಿತ್ರ ನೋಡಿದಾಗ ನನಗೆ ಅಭಿಮನ್ಯು ನೆನಪಾದ. ಈ ಚಕ್ರವ್ಯೂಹದ ಒಳಗೆ ಹೋಗುವುದು ಯಾರಿಗಾದರೂ ಸುಲಭ. ಮೂರು ಪೆಗ್ ಆದಮೇಲೆ ಅದರಿಂದ ಹೊರಗೆ ಬಂದವನು ಮಹಾರಥಿಯೇ ಸರಿ. ಅವನನ್ನು ಪೊಲೀಸರು ಬಾಯಿಗೆ ಯಂತ್ರ ಹಿಡಿದು ಪರೀಕ್ಷಿಸುವ ಅಗತ್ಯವಿಲ್ಲ. ಓಣಿ ದಾಟಿ ಕಾರಿನ ತನಕ ಬಂದಿದ್ದಾನೆ ಎಂದರೆ ಓಡಿಸಲು ಅರ್ಹ.

ಸರ್ಕಾರಗಳು ಇನ್ನೂ ಅಗ್ಗದ ದಾರಿ ಕಂಡುಕೊಂಡವು. ಗೋಡೆ ಕಟ್ಟುವ ಖರ್ಚೂ ಇಲ್ಲ. ಹೆದ್ದಾರಿಯ ಹೆಸರು ಬದಲಾಯಿಸುವುದು! ನಿನ್ನೆ ಮಲಗುವಾಗ ಹೆದ್ದಾರಿಯಾಗಿದ್ದ ರಸ್ತೆ ಬೆಳಗ್ಗೆ ಏಳುವಾಗ ಜಿಲ್ಲಾ ರಸ್ತೆ. ಚಂಡೀಗಢ ಮೊದಲಾದೆಡೆ ಈ ನಾಮಕರಣ ಭರದಿಂದ ನಡೆಯಿತು. 2017ರ ಜುಲೈ 1ರಿಂದ ಬೆಂಗಳೂರಿನ ಎಂ.ಜಿ. ರೋಡ್ ಸುತ್ತಮುತ್ತಲಿನ ಬಾರುಗಳಿಗೂ ಬೀಗ ಬಿತ್ತು. ಎಂ.ಜಿ. ರೋಡಿನಲ್ಲಿ ಸಂಜೆ ವಾಹನಗಳ ನಡುವೆ ನಿಂತು, ಇದೂ ಹೆದ್ದಾರಿ ಎಂದು ಗೊತ್ತಾದಾಗ ಊರಿಗೆ ಊರೇ ಬೆರಗಾಯಿತು. ಅಲ್ಲಿ ವೇಗವಾಗಿ ಹೋಗಬಲ್ಲದ್ದು ಪಾದಚಾರಿ ಮಾತ್ರ. ಕರ್ನಾಟಕವೂ ನಗರದೊಳಗಿನ ರಸ್ತೆಗಳಿಂದ ಹೆದ್ದಾರಿ ಪಟ್ಟ ಕಳಚುವ ಕಾಗದಗಳನ್ನು ಓಡಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟೂ, ನಗರ ಮಿತಿಯೊಳಗೆ ಹೀಗೆ ಮಾಡಿದರೆ ತಪ್ಪಿಲ್ಲ ಎಂದು ಸ್ಪಷ್ಟಪಡಿಸಿತು.

ಈಗ ಕೂಡಿ ಕಳೆದು ನೋಡಿ. ರಸ್ತೆ ಅದೇ. ಬಾರು ಅದೇ. ಕುಡಿಯುವವನೂ ಅವನೇ, ಅವನ ಕಾರಿನ ಕೀಲಿಯೂ ಅದೇ. ಬದಲಾದದ್ದು ಗೆಜೆಟ್ಟಿನ ಒಂದು ಪುಟ. ಹೆಸರು ಬದಲಾಯಿಸಿಕೊಳ್ಳಲಾಗದ ಕಡೆ ಅಂಗಡಿಗಳು ಹೆದ್ದಾರಿ ಬಿಟ್ಟು 500 ಮೀಟರ್ ಒಳಕ್ಕೆ, ಜನವಸತಿಯ ನಡುವೆ, ಬಂದು ಕೂತವು. ಹಲವು ರಾಜ್ಯಗಳಲ್ಲಿ ಹೆಂಗಸರು ಪೊರಕೆ ಹಿಡಿದು ಬೀದಿಗಿಳಿದರು. ಹೆದ್ದಾರಿಯ ಚಾಲಕನನ್ನು ಕಾಪಾಡಲು ಹೊರಟ ಆದೇಶ ಹಳ್ಳಿಯ ಹೆಂಗಸಿನ ಬಾಗಿಲಿಗೆ ಬಾಟಲಿ ತಂದಿಟ್ಟಿತು. ಅಂತರವನ್ನು ಅಳೆದವರು ಅಮಲನ್ನು ಅಳೆಯಲಿಲ್ಲ.

ಇನ್ನು ಫೋನಿನ ಮಾತು. 1988ರಲ್ಲಿ ಮೋಟಾರು ವಾಹನ ಕಾಯ್ದೆ ಬರೆಯುವಾಗ ಈ ದೇಶದಲ್ಲಿ ಮೊಬೈಲ್ ಇರಲಿಲ್ಲ. ಮೊದಲ ಕರೆ ಹೋದದ್ದು 1995ರಲ್ಲಿ. ಆದ್ದರಿಂದ ಕಾಯ್ದೆ ಸುಮ್ಮನಿತ್ತು, ಜನ ಮಾತಾಡಿದರು. 2018ರಲ್ಲಿ ಕೇರಳ ಹೈಕೋರ್ಟು, ಕಾರು ಓಡಿಸುತ್ತಾ ಫೋನಿನಲ್ಲಿ ಮಾತಾಡುವುದು ಅಲ್ಲಿನ ಪೊಲೀಸ್ ಕಾಯ್ದೆಯಡಿ ತನ್ನಷ್ಟಕ್ಕೆ ತಾನೇ ಅಪರಾಧವಲ್ಲ, ಸಾರ್ವಜನಿಕರಿಗೆ ಅಪಾಯವಾಗಿದ್ದರೆ ಮಾತ್ರ ಆಗುತ್ತದೆ ಎಂದಿತು. ಇದ್ದ ಅಕ್ಷರವನ್ನು ಇದ್ದಂತೆ ಓದಿದರೆ ಬೇರೆ ಹೇಳಲು ಸಾಧ್ಯವಿರಲಿಲ್ಲ. 2019ರಲ್ಲಿ ತಿದ್ದುಪಡಿ ಬಂತು: ಚಾಲನೆ ಮಾಡುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುವುದು ಅಪಾಯಕಾರಿ ಚಾಲನೆ.

ಬೆಂಗಳೂರಿನ ಸವಾರ ಈ ವಾಕ್ಯವನ್ನು ನಿಧಾನವಾಗಿ ಓದಿದ. 'ಕೈಯಲ್ಲಿ ಹಿಡಿಯುವ' ಎಂಬ ಮಾತಿನ ಹತ್ತಿರ ನಿಂತ. ಕೈಯಲ್ಲಿ ಹಿಡಿಯಬಾರದು, ತಾನೆ? ಸರಿ. ಫೋನನ್ನು ಹೆಲ್ಮೆಟ್ಟಿನೊಳಗೆ, ಕೆನ್ನೆಗೂ ಸ್ಪಂಜಿಗೂ ನಡುವೆ ತುರುಕಿದ. ಈಗ ಅವನ ಎರಡೂ ಕೈ ಹ್ಯಾಂಡಲಿನ ಮೇಲಿವೆ, ಕಣ್ಣು ರಸ್ತೆಯ ಮೇಲಿದೆ, ಮನಸ್ಸು ಮಾತ್ರ ಹೆಂಡತಿಯ ತವರಿನ ಆಸ್ತಿ ಭಾಗದಲ್ಲಿದೆ. ಹೆಲ್ಮೆಟ್ ಕಡ್ಡಾಯ ಮಾಡಿದಾಗ ಗೊಣಗಿದ್ದ ಜನ, ಅದಕ್ಕೊಂದು ನಿಜವಾದ ಉಪಯೋಗ ಇದೆ ಎಂದು ಕೊನೆಗೂ ಒಪ್ಪಿಕೊಂಡರು. ಹೆಲ್ಮೆಟ್ ಇಲ್ಲದವರು ಫೋನನ್ನು ಭುಜಕ್ಕೂ ಕಿವಿಗೂ ಕಚ್ಚಿಸಿ, ಕತ್ತು ಸೊಟ್ಟ ಮಾಡಿಕೊಂಡು ಹೋಗುತ್ತಾರೆ. ಬೇಲೂರಿನ ಮದನಿಕೆಯರನ್ನು ಬಿಟ್ಟರೆ ಅಷ್ಟು ಚೆಂದದ ತ್ರಿಭಂಗಿಯನ್ನು ನಾನು ನೋಡಿದ್ದು ಸಿಗ್ನಲ್ಲುಗಳಲ್ಲೇ. 2020ರಲ್ಲಿ ಇನ್ನೊಂದು ನಿಯಮ ಸೇರಿತು: ದಾರಿ ನೋಡಲು ಮಾತ್ರ ಇಂಥ ಸಾಧನ ಬಳಸಬಹುದು, ಆದರೆ ಚಾಲಕನ ಏಕಾಗ್ರತೆಗೆ ಭಂಗ ಬರಬಾರದು. ಏಕಾಗ್ರತೆಯನ್ನು ಅಳೆಯುವ ಮೀಟರ್ ಯಾವ ಠಾಣೆಯಲ್ಲಿದೆಯೋ ತಿಳಿಸಿಲ್ಲ. ಪತಂಜಲಿ ಮಹರ್ಷಿಗಳಿಗೂ ಒಗ್ಗದ ಚಿತ್ತವನ್ನು ನಿಗ್ರಹಿಸುವ ಕೆಲಸ ಈಗ ಸಂಚಾರಿ ಪೇದೆಯದು.

ಹಾಗೆಂದು ಎಲ್ಲ ಗೊಂದಲವೂ ವ್ಯಾಖ್ಯೆಯದಲ್ಲ. ಕೆಲವು ಪದಗಳು ಅರ್ಥ ಸ್ಪಷ್ಟವಿದ್ದೂ ಹಾಳಾಗುತ್ತವೆ. 'ದಂಡ' ಎಂಬ ಪದ ಹಾಗೆ ಹಾಳಾಯಿತು. 2023ರ ಫೆಬ್ರುವರಿಯಲ್ಲಿ, ಬಾಕಿ ಉಳಿದ ಸಂಚಾರ ದಂಡ ಕಟ್ಟುವವರಿಗೆ ಶೇ 50 ರಿಯಾಯಿತಿ ಎಂದು ಪ್ರಕಟಣೆ ಬಂತು. ಠಾಣೆಗಳ ಮುಂದೆ ಸಾಲು. ಒಂಬತ್ತು ದಿನಗಳಲ್ಲಿ ನೂರು ಕೋಟಿ ರೂಪಾಯಿ ದಾಟಿತು. ಖಜಾನೆ ತುಂಬಿತು, ಎಲ್ಲರೂ ಬೆನ್ನು ತಟ್ಟಿಕೊಂಡರು. ಜನರೂ ಒಂದು ಪಾಠ ಕಲಿತರು. ಅದು ಸಿಗ್ನಲ್ ದಾಟಬಾರದು ಎಂಬ ಪಾಠವಲ್ಲ, ದಾಟಿದ ದಂಡವನ್ನು ತಕ್ಷಣ ಕಟ್ಟಬಾರದು ಎಂಬ ಪಾಠ. ಮರುದಿನವೇ ಪೂರ್ತಿ ದಂಡ ಕಟ್ಟಿದ ನನ್ನಂಥ ಪೆದ್ದ ಎಂ.ಆರ್.ಪಿ. ಕೊಟ್ಟು ಸೀರೆ ಕೊಂಡವನಂತಾದ. ಆಷಾಢದವರೆಗೆ ಕಾಯಬಾರದಿತ್ತೆ ಎಂದು ಮನೆಯಲ್ಲಿ ಬೈಗುಳ. ಮುಂದೆಯೂ ರಿಯಾಯಿತಿಗಳು ಬಂದವು. 2025ರ ಆಗಸ್ಟ್‌ನಲ್ಲಿ ಗೌರಿ ಹಬ್ಬದ ಹೊತ್ತಿಗೆ ಸರಿಯಾಗಿ ಮತ್ತೊಂದು. ಈಗ ನಮ್ಮ ಬೀದಿಯ ಹುಡುಗರು ದಂಡದ ನೋಟಿಸು ಬಂದರೆ ಗಾಬರಿಯಾಗುವುದಿಲ್ಲ. "ಬಿಡಿ ಅಂಕಲ್, ಸೇಲ್‌ನಲ್ಲಿ ಕಟ್ಟೋಣ" ಎನ್ನುತ್ತಾರೆ.

'ಕೊನೆಯ ದಿನ' ಎಂಬ ಪದಕ್ಕೂ ಅದೇ ಗತಿ. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ವಾಹನಗಳಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಲು ಮೊದಲು 2023ರ ನವೆಂಬರ್ 17 ಕೊನೆಯ ದಿನವಾಗಿತ್ತು. ಆಮೇಲೆ 2024ರ ಫೆಬ್ರುವರಿ 17 ಕೊನೆಯ ದಿನವಾಯಿತು. ಆಮೇಲೆ ಮೇ 31. ಅದರಾಚೆಗೂ ಕೊನೆಯ ದಿನಗಳು ಧಾರಾವಾಹಿಯಂತೆ ಮುಂದುವರಿದವು. ಕನ್ನಡದಲ್ಲಿ 'ಕೊನೆ' ಎಂದರೆ ಬಾಳೆಗೊನೆಯೂ ಆಗುತ್ತದೆ. ಒಂದು ಚಿಪ್ಪು ಮುಗಿದರೆ ಮೇಲೆ ಇನ್ನೊಂದು ಚಿಪ್ಪು ಇರುತ್ತದೆ. ಸಾರಿಗೆ ಇಲಾಖೆ ಆ ಅರ್ಥದಲ್ಲಿ ಬಳಸಿರಬೇಕು.

ಇದು ನಮ್ಮೊಬ್ಬರ ಕಾಯಿಲೆ ಎಂದು ಕೊರಗಬೇಕಿಲ್ಲ. 1865ರಲ್ಲಿ ಬ್ರಿಟನ್ನಿನ ಕಾನೂನು, ಎಂಜಿನ್ನಿನಿಂದ ಓಡುವ ಗಾಡಿ ಊರೊಳಗೆ ಗಂಟೆಗೆ 2 ಮೈಲಿಗಿಂತ, ಹೊರಗೆ 4 ಮೈಲಿಗಿಂತ ವೇಗವಾಗಿ ಹೋಗಬಾರದು, ಅದರ 60 ಗಜ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕು ಎಂದಿತು. ಉಗಿಗಾಡಿಗೆಂದು ಬರೆದ ಮಾತು, ಮುಂದೆ ಹುಟ್ಟಿದ ಮೋಟಾರು ಕಾರಿಗೂ ಅಂಟಿಕೊಂಡಿತು. 1896ರ ಜನವರಿಯಲ್ಲಿ ವಾಲ್ಟರ್ ಅರ್ನಾಲ್ಡ್ ಎಂಬಾತ ಕೆಂಟ್ ಪ್ರಾಂತ್ಯದ ಒಂದು ಊರಿನಲ್ಲಿ ಗಂಟೆಗೆ 8 ಮೈಲಿ ವೇಗದಲ್ಲಿ 'ನುಗ್ಗಿದ್ದಕ್ಕೆ' ದಂಡ ತೆತ್ತ. ಅವನನ್ನು ಪೊಲೀಸನೊಬ್ಬ ಬೈಸಿಕಲ್ಲಿನಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿದಿದ್ದ. ಆ ಕಾನೂನನ್ನು ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಸಂಜೆ ಆರಕ್ಕೆ ತಂದರೆ ಬಾವುಟದವನು ಮುಂದೆ ಹೋಗಿ, ಟೀ ಕುಡಿದು, ಬಿಲ್ಲು ಕೊಟ್ಟು, ಗಾಡಿ ಏಕೆ ಬರಲಿಲ್ಲವೆಂದು ಹಿಂದಕ್ಕೆ ಬಂದು ವಿಚಾರಿಸಬೇಕಾದೀತು.

1958ರಲ್ಲಿ ಆಕ್ಸ್‌ಫರ್ಡಿನ ಎಚ್.ಎಲ್.ಎ. ಹಾರ್ಟ್ ಎಂಬ ನ್ಯಾಯಶಾಸ್ತ್ರದ ಪಂಡಿತರು ಇಡೀ ಸಮಸ್ಯೆಯನ್ನು ಒಂದು ಬೋರ್ಡಿಗೆ ಇಳಿಸಿದರು: ಪಾರ್ಕಿನಲ್ಲಿ ವಾಹನ ನಿಷೇಧ. ಕಾರು ಬೇಡ, ಸರಿ. ಸೈಕಲ್ಲು? ಮಕ್ಕಳ ಆಟಿಕೆ ಕಾರು? ಅಮೆರಿಕದ ಲಾನ್ ಫುಲ್ಲರ್ ಸುಮ್ಮನಿರದೆ, ಯುದ್ಧದಲ್ಲಿ ಬಳಸಿದ ಲಾರಿಯನ್ನು ಸ್ಮಾರಕವಾಗಿ ಕಟ್ಟೆಯ ಮೇಲೆ ನಿಲ್ಲಿಸಿದರೆ ಅದೂ ನಿಷಿದ್ಧವೋ ಎಂದು ಕೇಳಿದರು. ಇಬ್ಬರೂ ಕಾರವಾರಕ್ಕೆ ಬಂದಿದ್ದರೆ ಕಡಲತೀರದ ಮರಳಿನ ಮೇಲೆ ಯುದ್ಧನೌಕೆಯನ್ನೇ ನಿಲ್ಲಿಸಿರುವುದನ್ನು ತೋರಿಸಬಹುದಿತ್ತು. ಫುಲ್ಲರ್ ಹೇಳಿದ್ದರ ತಿರುಳು ಇಷ್ಟೆ: ಪದ ಏನು ಹೇಳುತ್ತದೆ ಎಂದು ಕೇಳುವ ಮೊದಲು, ಆ ಬೋರ್ಡನ್ನು ಯಾಕೆ ನೆಟ್ಟರು ಎಂದು ಕೇಳಿ. ನಮ್ಮಲ್ಲಿ ನೆಡುವವರಿಗೇ ಆ ಪ್ರಶ್ನೆ ಹೊಳೆಯುವುದಿಲ್ಲ. ತಡೆಯಬೇಕಾದ ಕೇಡನ್ನು ಬರೆಯುವ ಬದಲು, ಆ ಹೊತ್ತಿಗೆ ಕಣ್ಣಿಗೆ ಬಿದ್ದ ವಸ್ತುವನ್ನು ಬರೆಯುತ್ತಾರೆ. ಕುಡಿದು ಓಡಿಸುವುದು ಕೇಡು, ಬರೆದದ್ದು ಮೀಟರ್. ಗಮನ ತಪ್ಪುವುದು ಕೇಡು, ಬರೆದದ್ದು ಕೈ. ಪ್ರಯಾಣಿಕನಿಗೆ ರಕ್ಷಣೆ ಇಲ್ಲದಿರುವುದು ಕೇಡು, ಹೋದದ್ದು ಒಂದು ಗುಂಡಿಯ ಹೆಸರು. ಕೇಡು ಹೆಸರು ಬದಲಾಯಿಸಿಕೊಂಡು ಪಕ್ಕದ ಓಣಿಯಿಂದ ಬರುತ್ತದೆ. ಕಾನೂನು ಹಳೆಯ ವಿಳಾಸದಲ್ಲಿ ಬಾಗಿಲು ತಟ್ಟುತ್ತಾ ನಿಂತಿರುತ್ತದೆ.

ಕಾನೂನಿನ ಕರಡು ಸಿದ್ಧವಾದ ದಿನ ಅದನ್ನು ಪಂಡಿತರಿಗೆ ತೋರಿಸುವ ಪದ್ಧತಿ ಬಿಟ್ಟು, ಯಾವುದಾದರೂ ಆಟೋ ನಿಲ್ದಾಣಕ್ಕೆ ಒಯ್ದು ಗಟ್ಟಿಯಾಗಿ ಓದಬೇಕು. "ಇದರಿಂದ ಹೇಗೆ ತಪ್ಪಿಸಿಕೊಳ್ಳುತ್ತೀರಪ್ಪಾ?" ಎಂದು ಕೇಳಬೇಕು. ಒಂದು ಬೈಟು ಕಾಫಿ ಮುಗಿಯುವುದರೊಳಗೆ ಏಳು ತೂತು ತೋರಿಸುತ್ತಾರೆ. ಶುಲ್ಕ ಮೀಟರಿನ ಮೇಲೆ ಇಪ್ಪತ್ತು ರೂಪಾಯಿ ಮಾತ್ರ.

ನನ್ನ ಸವಾರಿಗೆ ಮರಳುತ್ತೇನೆ. ಮಿನರ್ವ ಸರ್ಕಲ್ ದಾಟಿ ಟೌನ್‌ಹಾಲ್ ಹತ್ತಿರ ಬರುವಾಗ ಮಳೆನೀರು ನಿಂತ ಗುಂಡಿಯೊಂದಕ್ಕೆ ಮುಂದಿನ ಚಕ್ರ ಇಳಿಯಿತು. ಬೈಕು ಅರ್ಧ ವಾಲಿತು. ಹುಡುಗ ಕಾಲು ಕೊಟ್ಟು ಹೇಗೋ ನಿಲ್ಲಿಸಿದ. "ಗಟ್ಟಿ ಹಿಡ್ಕೋರಿ ಸರ" ಎಂದ. ಹಿಂದೆ ಬರುತ್ತಿದ್ದ ಬಸ್ಸು ನಮ್ಮ ಪಕ್ಕದಲ್ಲೇ ಕಿರುಚಿ ನಿಂತಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೆಜೆಸ್ಟಿಕ್ ತಲುಪಿದೆವು. ಸ್ವೀಕರಿಸುವವರ ಓಟಿಪಿ ಬೇಕೆಂದ. ಸ್ವೀಕರಿಸುವವನು ನಾನೇ. ಕಳಿಸಿದವನೂ ನಾನೇ. ಪಾರ್ಸೆಲ್ಲೂ ನಾನೇ. ಮೂರೂ ಒಂದೇ ಎಂದು ತಿಳಿಯಲು ಜನ ಶೃಂಗೇರಿಗೆ ಹೋಗಿ ವರ್ಷಗಟ್ಟಲೆ ವೇದಾಂತ ಓದುತ್ತಾರೆ, ನನಗದು ನಾಲ್ಕು ಅಂಕಿಯಲ್ಲಿ ಸಿಕ್ಕಿತು. ಫೋನಿನಲ್ಲಿ ಸಂದೇಶ ಬಂತು: 'ನಿಮ್ಮ ಪಾರ್ಸೆಲ್ ತಲುಪಿದೆ.'

"ತಮ್ಮಾ, ಅಲ್ಲಿ ಬಿದ್ದಿದ್ದರೆ ವಿಮೆ ಬರುತ್ತಿತ್ತೇನೋ?" ಎಂದು ಕೇಳಿದೆ.

ಅವನು ನಕ್ಕ. ಬಿಳಿ ಬೋರ್ಡಿನ ಬೈಕು, ಬಾಡಿಗೆಗೆ ಬಳಸುವಂತಿಲ್ಲ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಪ್ರಯಾಣಿಕ ಎಂದು ಹೇಳಿಕೊಳ್ಳಲು ನಾನು ಟಿಕೆಟ್ಟಿನಲ್ಲಿ ಪ್ರಯಾಣಿಕನಲ್ಲ. ಸರಕು ಎಂದು ಹೇಳಿಕೊಳ್ಳಲು ಕಾಯ್ದೆಯಲ್ಲಿ ಸರಕೂ ಅಲ್ಲ. "ನೀವು ಯಾರೂ ಅಲ್ರಿ ಸರ" ಎಂದು ಹೇಳಿ ಅವನು ಮುಂದಿನ ಪಾರ್ಸೆಲ್ ಹುಡುಕಿಕೊಂಡು ಹೋದ.

ಬಸ್ಸಿಗೆ ಕಾಯುತ್ತಾ ಆ ವ್ಯಾಖ್ಯೆಯನ್ನು ಮತ್ತೊಮ್ಮೆ ತೆರೆದು ಓದಿದೆ. ವಾಹನದಲ್ಲಿ ಸಾಗಿಸುವ ಯಾವುದೇ ವಸ್ತು, ಜೀವಂತ ವ್ಯಕ್ತಿಗಳನ್ನು ಬಿಟ್ಟು. ಟೌನ್‌ಹಾಲ್ ಬಳಿಯ ಆ ಗುಂಡಿ ಇನ್ನು ನಾಲ್ಕು ಅಂಗುಲ ಆಳವಿದ್ದಿದ್ದರೆ, ನಾನು ಕಾನೂನುಬದ್ಧ ಪಾರ್ಸೆಲ್ ಆಗಿಬಿಡುತ್ತಿದ್ದೆ.